ಕೆಂಚನ ಹೊಟ್ಟೆಯ ಮೇಲಿನ ಗೆರೆ

ಬದನವಾಳು, ನಂಜನಗೂಡು ತಾಲ್ಲೂಕು
೪-೩-೨೦೨೬, ಬುಧವಾರ

ಮೊಮ್ಮಗಳು ಪಲ್ಲವಿಗೆ,

ನಿನ್ನ ಅಜ್ಜಿ ಮಂಗಳಮ್ಮ ಬರೆಯುತ್ತಿರುವುದು. ಮನಸ್ಸಿದ್ದು ಬರೆಯುತ್ತಿಲ್ಲ, ನೀವೆಲ್ಲ ಸೇರಿ ಬರೆಸುತ್ತಿದ್ದೀರಿ. ಫೋನು ಮಾಡೋಣ ಎಂದರೆ ನೀನಿರುವ ನೀರಿಗೆ ಫೋನು ಬರುವುದಿಲ್ಲವಂತೆ. ನಿನ್ನ ಮಾವ ಬಸವೇಶನ ಮೊಬೈಲಿನಲ್ಲಿ ಹೇಳಿ ಬರೆಸೋಣ ಎಂದರೆ ದೋಣಿಗೆ ನಾಲ್ಕು ಸಾಲಿಗಿಂತ ಹೆಚ್ಚು ಹೋಗುವುದಿಲ್ಲ ಎನ್ನುತ್ತಾನೆ, ಆ ನಾಲ್ಕರಲ್ಲೂ ನಾನು ಹೇಳಿದ್ದು ಎರಡು ಬಿಟ್ಟು ತನ್ನದು ಎರಡು ಸೇರಿಸುತ್ತಾನೆ. ನಿಮ್ಮಮ್ಮ ಪವಿತ್ರ ಬರೆಯಲು ಕೂತರೆ ಕಾಗದ ನೆನೆಯುತ್ತದೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಸ್ಲೇಟು ಕಸಿದು ಕೈಗೆ ಚರಕ ಕೊಟ್ಟರು, ಅವತ್ತಿನಿಂದ ಪೆನ್ನು ಮುಟ್ಟಿದ್ದು ಖಾದಿ ಕೇಂದ್ರದಲ್ಲಿ ರುಜು ಹಾಕುವುದಕ್ಕೆ ಮಾತ್ರ. ನಿನ್ನೆ ಬೆಳಿಗ್ಗೆಯಿಂದ ಈ ಕಾಗದದ ಮುಂದೆ ಕೂತಿದ್ದೇನೆ. ಬೆರಳು ನೋಯುತ್ತಿದೆ. ತಪ್ಪಿದ್ದರೆ ತಿದ್ದಿಕೊಂಡು ಓದು, ನನಗೆ ಹೇಳಿಕಳಿಸಬೇಡ.

ಮೊದಲು ನಿನ್ನ ವಿಷಯ. ಮೈ ಹೇಗಿದೆ? ವಾಂತಿ ನಿಂತಿತೆ, ಇನ್ನೂ ಇದೆಯೆ? ಹಗ್ಗ ಎಳೆದು ಎಳೆದು ಅಂಗೈ ಸುಲಿದಿದೆ ಎಂದು ನಿಮ್ಮಮ್ಮ ಹೇಳಿದಳು. ಕೊಬ್ಬರಿ ಎಣ್ಣೆ ಹಚ್ಚಿಕೊ. ತಲೆಗೂ ಹಚ್ಚಿಕೊ, ಉಪ್ಪುನೀರಿಗೆ ಕೂದಲು ನಾರಾಗುತ್ತದೆ. ಆರು ಜನ ಹೆಣ್ಣುಮಕ್ಕಳು ಒಂದು ಹಾಯಿದೋಣಿಯಲ್ಲಿ ಪ್ರಪಂಚ ಸುತ್ತುತ್ತೇವೆ ಎಂದು ಗೋವಾದಿಂದ ಹೊರಟು ಆರನೇ ತಿಂಗಳು ನಡೆಯುತ್ತಿದೆ, ಒಬ್ಬರ ಜುಟ್ಟು ಒಬ್ಬರು ಹಿಡಿದಿಲ್ಲವೆ? ನಾವು ಇಬ್ಬರು ಓರಗಿತ್ತಿಯರು ಒಂದು ಅಡುಗೆಮನೆಯಲ್ಲಿ ಆರು ದಿನ ಬಾಳಲಿಲ್ಲ. ನಿನಗೆಂದು ಹುರಿಹಿಟ್ಟು, ನಿಪ್ಪಟ್ಟು ಮಾಡಿ ಡಬ್ಬಕ್ಕೆ ತುಂಬಿದ್ದೆ. ಕೊರಿಯರಿನವನು ಬೇರೆ ದೇಶಕ್ಕೆ ತಿನ್ನುವ ಪದಾರ್ಥ ಹಾಕುವುದಿಲ್ಲ ಎಂದನಂತೆ. ಬಸವೇಶ ಡಬ್ಬ ವಾಪಸ್ಸು ತಂದ, ದಾರಿಯಲ್ಲಿ ಅರ್ಧ ಖಾಲಿ ಮಾಡಿದ್ದ. ಇಲ್ಲಿ ನಾನು ಚೆನ್ನಾಗಿದ್ದೇನೆ. ನವೆಂಬರಿನಲ್ಲಿ ಪೊರೆ ತೆಗೆಸಿದ ಕಣ್ಣು ಸೂಜಿಗೆ ದಾರ ಏರಿಸುವಷ್ಟು ಕಾಣುತ್ತದೆ. ಮುದ್ದೆ ಒಳಗೆ ಹೋಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ. ಅಳು ಮಾತ್ರ ಬಂದಿಲ್ಲ. ಮಾತಾಡಿಸಲು ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಾರೆ. ನಾನು ಕಾಫಿ ಕೊಡುತ್ತೇನೆ. ಕುಡಿದು ಹೋಗುತ್ತಾರೆ.

ನೀನು ಕೇಳಿದ್ದು ಈ ಪಾರ್ಸೆಲಿನಲ್ಲಿ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ತಳದ ತನಕ ಕೆದಕಬೇಡ. ಕೆಂಚ ಜನವರಿ ಇಪ್ಪತ್ತೆರಡನೇ ತಾರೀಖೇ ಸಮುದ್ರಕ್ಕೆ ಬಿದ್ದುಹೋದ, ನಿಮ್ಮ ದೋಣಿ ಮಾರ್ಚಿ ಇಪ್ಪತ್ತೆಂಟಕ್ಕೆ ಕೇಪ್‌ಟೌನ್ ಸೇರುತ್ತದೆ, ಮೂವತ್ತಕ್ಕೆ ಟಿ. ನರಸೀಪುರದ ಸ್ಕೂಲಿನ ಮಕ್ಕಳು ವಿಡಿಯೋದಲ್ಲಿ ಕೆಂಚನನ್ನು ತೋರಿಸಿ ಎನ್ನುತ್ತಾರೆ, ಅಷ್ಟರೊಳಗೆ ಅಂಥದೇ ಇನ್ನೊಂದು ಬಟ್ಟೆಯ ಕರು ಹೊಲಿದು ಅಲ್ಲಿಗೆ ತಲುಪಿಸು, ಮಕ್ಕಳಿಗೆ ಗೊತ್ತಾಗಬಾರದು, ನಿನ್ನ ಕೈಯಲ್ಲೇ ಆಗುವುದು ಅಜ್ಜಿ ಎಂದು ಬರೆದಿದ್ದೆ. ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ನಿಮ್ಮಮ್ಮ ಅದನ್ನು ಪ್ರಿಂಟ್ ತೆಗೆಸಿಕೊಂಡು ಟಿ. ನರಸೀಪುರದಿಂದ ಬಂದಳು. ನಿಮ್ಮ ತಾತ ಹೋಗಿ ಹದಿನಾಲ್ಕು ದಿನವಾಗಿತ್ತು. ತಾತ ಹೋದ ಸುದ್ದಿಗೆ ನೀನು ಬರೆದಿದ್ದು ಎರಡು ಸಾಲು. ಕೆಂಚನಿಗೆ ಹದಿನಾರು. ಎಣಿಸಿದೆ. ಕೋಪದಿಂದ ಎಣಿಸಲಿಲ್ಲ, ಎಳೆ ಎಣಿಸಿ ರೂಢಿ. ತಾತನ ವಿಷಯ ಬರೆಯಲು ನಿನಗೆ ಕೈ ಬಂದಿಲ್ಲ, ಅಷ್ಟೆ. ನನಗೂ ಬಂದಿಲ್ಲ. ನೋಡು, ಒಂದು ಹಾಳೆ ತುಂಬುತ್ತಾ ಬಂತು, ಅವರ ಹೆಸರು ಇನ್ನೂ ಬರೆದಿಲ್ಲ. ಪುಟ್ಟಬಸವಯ್ಯ. ಬರೆದೆ.

ಆ ಕರುವಿನ ವಿಷಯದಲ್ಲಿ ನಿನಗೆ ಗೊತ್ತಿಲ್ಲದ್ದು ಒಂದಿದೆ. ಹೋದ ಆಗಸ್ಟಿನಲ್ಲಿ ರಜದ ಮೇಲೆ ಬಂದವಳು ನೀನು ಓದಿದ ಸ್ಕೂಲು ನೋಡಲು ಹೋದೆ. ನಿನ್ನ ಜೊತೆ ಓದಿದ ನಯನ ಈಗ ಅಲ್ಲಿ ಐದನೇ ಕ್ಲಾಸಿನ ಮಿಸ್ಸು. ನಮ್ಮ ಕ್ಲಾಸಿನಿಂದಲೂ ಒಬ್ಬರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಎಂದು ಅವಳ ಮಕ್ಕಳು ಹಟ ಹಿಡಿದವು. ಬಟ್ಟೆಯ ಕರು ಒಂದನ್ನು ಕಳಿಸುವುದು ಎಂದಾಯಿತು. ಕಂದು ಬಣ್ಣದ್ದೇ ಆಗಬೇಕು, ಹೆಸರು ಕೆಂಚ ಎಂದು ಕರು ಹುಟ್ಟುವ ಮೊದಲೇ ನಾಮಕರಣವೂ ಆಯಿತು. ನೀನು ಸಂಜೆ ಫೋನು ಮಾಡಿ ನಾಳೆ ಬೆಳಿಗ್ಗೆಗೆ ಬೇಕು ಎಂದೆ. ಹುಟ್ಟಿದಾಗಿನಿಂದ ನಿನ್ನದೆಲ್ಲ ನಾಳೆ ಬೆಳಿಗ್ಗೆಗೇ.

ನಿಮ್ಮ ತಾತನ ಹತ್ತಿರ ಒಂದೇ ತಾನು ಬಟ್ಟೆಯಲ್ಲಿ ಹೊಲಿಸಿದ ಎರಡು ಕಂದು ಅಂಗಿಗಳಿದ್ದವು. ನೂಲು ನನ್ನದು, ನೇಯ್ಗೆ ಅವರದು. ಅವರು ಕೆಲಸ ಬಿಡುವ ವರ್ಷ ಮಗ್ಗದಿಂದ ಇಳಿಸಿದ ಕಡೆಯ ತಾನು. ಒಂದನ್ನು ಹಾಕಿ ಹಾಕಿ ಮೊಣಕೈ ಕಿತ್ತುಹೋಗಿತ್ತು. ಇನ್ನೊಂದನ್ನು ಒಂದು ದಿನವೂ ಹಾಕಲಿಲ್ಲ. ಒಂದು ಪಂಚೆಯ ಜೊತೆ ಮಡಿಸಿ ಟ್ರಂಕಿನಲ್ಲಿಟ್ಟು, ನನ್ನನ್ನು ಕೂರಿಸಿ ಮಣ್ಣು ಮಾಡುವಾಗ ಇದೇ ಹಾಕಬೇಕು ಎಂದು ನನಗೂ ಬಸವೇಶನಿಗೂ ಹೇಳಿದ್ದರು. ಪ್ರತಿ ಯುಗಾದಿಗೆ ತೆಗೆದು ಬಿಸಿಲಿಗೆ ಹಾಕಿ, ಸಂಜೆಗೆ ಮಡಿಸಿಡುವರು. ಮದುವೆಗೆ ಸಿದ್ಧವಾಗುವವರ ಹಾಗೆ. ಅವತ್ತು ಸಂಜೆ ಕರೆಂಟು ಹೋಗಿತ್ತು, ನನ್ನ ಕಣ್ಣಿಗೆ ಆಗಿನ್ನೂ ಪೊರೆ. ಹರಿದಿದ್ದನ್ನು ತೆಗೆದೆ ಎಂದುಕೊಂಡು ಬೆನ್ನಿನ ಕಡೆಯಿಂದ ಕತ್ತರಿ ಹಾಕಿದೆ. ಬೆನ್ನು ಬೇಗ ಸವೆಯುವುದಿಲ್ಲ, ಎರಡರದೂ ಕೈಗೆ ಒಂದೇ ಥರ. ತೋಳಿಗೆ ಬಂದಾಗ ಮೊಣಕೈ ಗಟ್ಟಿಯಾಗಿತ್ತು. ಆಗ ಗೊತ್ತಾಯಿತು. ಅಷ್ಟರಲ್ಲಿ ಬೆನ್ನು ಎರಡು ಹೋಳು. ಅವರು ಹೊರಗೆ ಜಗಲಿಯ ಮೇಲೇ ಕೂತಿದ್ದರು. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಪೂರ್ತಿ ಕತ್ತರಿಸಿದೆ. ಬೆನ್ನು ಹೊಟ್ಟೆಯಾಯಿತು, ತೋಳು ಕಾಲಾದವು, ಕಾಲರು ಕಿವಿಯಾಯಿತು, ಸಾಲದೆ ಬಂದು ಒಂದು ಕಿವಿ ಸಣ್ಣದಾಯಿತು. ಉಳಿದ ಚಿಂದಿಯನ್ನೂ ಬಿಡದೆ ಹೊಟ್ಟೆಯೊಳಗೆ ತುಂಬಿ ಹೊಲಿದುಬಿಟ್ಟೆ. ಹರಿದ ಅಂಗಿಯನ್ನು ನೀಟಾಗಿ ಮಡಿಸಿ ಪಂಚೆಯ ಕೆಳಗೆ ಇಟ್ಟೆ. ಆದ್ದರಿಂದ ಮಕ್ಕಳಿಗೆ ಗೊತ್ತಾಗದ ಹಾಗೆ ಇನ್ನೊಂದು ಹೊಲಿದುಕೊಡು ಎಂದು ನೀನು ಬರೆದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಮೊಮ್ಮಗಳೇ.

ಮಾರನೇ ದಿನ ನಮ್ಮಿಬ್ಬರನ್ನೂ ಸ್ಕೂಲಿಗೆ ಕರೆದುಕೊಂಡು ಹೋದೆಯಲ್ಲ, ಮಕ್ಕಳು ಕೆಂಚನನ್ನು ಕೈಯಿಂದ ಕೈಗೆ ದಾಟಿಸುತ್ತಾ ನಿಮ್ಮ ತಾತನ ತೊಡೆಯ ಮೇಲೂ ಕೂರಿಸಿದವು. ಅವನ ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ತೆಳು ಗೆರೆ ಇತ್ತು. ನೇಯುವಾಗ ಅಡ್ಡದ ಎಳೆ, ಒಂದು ಹೊಕ್ಕು, ತಪ್ಪಿದ ಜಾಗ ಅದು, ಬೇರೆಯವರ ಕಣ್ಣಿಗೆ ಬೀಳುವಂಥದ್ದಲ್ಲ. ಮಕ್ಕಳ ಕಣ್ಣಿಗೆ ಬಿದ್ದಿತ್ತು, ಕೆಂಚನಿಗೆ ಆಪರೇಷನ್ ಆಗಿದೆ ಎಂದು ಆಗಲೇ ಮಾತಾಡಿಕೊಳ್ಳುತ್ತಿದ್ದವು. ನಿಮ್ಮ ತಾತ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದರು. ಇನ್ನೊಂದು ಸಲ ಎಳೆದು ನನ್ನ ಮುಖ ನೋಡಿದರು. ನೀನು ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಗೆ ಕೇಳಿದರು. "ಮಂಗಳಾ, ನನ್ ಕಡೇ ಅಂಗಿ ಕುಯ್ದ್‌ಬುಟ್ಯಲ್ಲ." ಕತ್ತಲಿತ್ತು, ಕಣ್ಣಿಗೆ ಕಾಣಲಿಲ್ಲ ಎಂದೆ. "ಕಣ್ಣಿಗ್ ಕಾಣ್ನಿಲ್ಲ ಸರಿ, ಕೈಗೂ ಕಾಣ್ನಿಲ್ವ?" ಐವತ್ತು ವರ್ಷ ನೂಲು ತೆಗೆದ ಕೈಗೆ ಆ ಮಾತು. ನಾನು ಕಿಟಕಿಯ ಕಡೆ ತಿರುಗಿದೆ. ನಂಜನಗೂಡಿನ ಸೇತುವೆ ಬಂದಾಗ ಅವರಿಗೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಂಡಕ್ಟರು ತಿರುಗಿ ನೋಡಿದ. "ವೋಗ್ಲಿ ಬುಡು. ನಾನಂತೂ ಮಂಡ್ಯ ದಾಟ್ನಿಲ್ಲ, ಅಂಗಿನಾರ ಪ್ರಪಂಚ ನೋಡ್ಕಂಡ್ ಬರ್ಲಿ. ಬಂದ್ಮೇಲೆ ಬಿಚ್ಚಿ ಹೊಲ್ಕೊಡು. ಅಲ್ಲೀಗಂಟ ನಾನೂ ಓಗಕ್ಕಿಲ್ಲ."

ನಾವು ಪ್ರತಿ ಸೋಮವಾರ ಎರಡು ಬಸ್ಸು ಬದಲಾಯಿಸಿ ಟಿ. ನರಸೀಪುರದ ಸ್ಕೂಲಿಗೆ ಹೋಗುತ್ತಿದ್ದುದು ಅದಕ್ಕೇ. ನೀನು ನಿನ್ನ ಮೇಲಿನ ಪ್ರೀತಿಗೆ ಎಂದುಕೊಂಡಿದ್ದೆ. ಅದೂ ಇತ್ತು ಎಂದುಕೊ. ಅವರು ಹೋಗುತ್ತಿದ್ದುದು ಅಂಗಿ ಎಲ್ಲಿದೆ ಎಂದು ಕೇಳಲು. ಬಸ್ಸಿನಲ್ಲಿ ಪ್ರತಿ ವಾರ ಅದೇ ಮಾತು, "ನಿಂಗಾದ್ರೆ ಪುಕ್ಕಟೆ, ನಾನ್ ಟಿಕೀಟ್ ತಗೀಬೇಕು, ನಿನ್ ಸೀರೆ ಒಂದ್ ಉಡ್ಸು ನಂಗೂ." ಕ್ಲಾಸಿನಲ್ಲಿ ಬಾಗಿಲ ಪಕ್ಕ ಅವರಿಗೊಂದು ಕುರ್ಚಿ, ನನಗೊಂದು ಸ್ಟೂಲು. ನಯನ ಹಾಜರಿ ಕರೆಯುವಳು. ಇಪ್ಪತ್ತೇಳು ಮಕ್ಕಳು, ಇಪ್ಪತ್ತೆಂಟನೇ ನಂಬರು ಕೆಂಚ. ಅವನ ಹೆಸರು ಬಂದಾಗ ಎಲ್ಲರೂ ಒಟ್ಟಿಗೆ ಕಿರುಚುವುದು, "ಸಮುದ್ರದಲ್ಲವ್ನೆ ಮಿಸ್!" ನಿಮ್ಮ ತಾತನೂ ಕಿರುಚುವರು. ಆಮೇಲೆ ನೀನು ಬರೆದು ಕಳಿಸಿದ ಸುದ್ದಿ ಓದುವುದು, ಗೋಡೆಯ ಭೂಪಟದಲ್ಲಿ ಪಿನ್ನು ಚುಚ್ಚುವುದು. ಕೆಂಚ ಆಸ್ಟ್ರೇಲಿಯ ನೋಡಿದ, ಕೆಂಚನ ಕಿವಿ ಗಾಳಿಗೆ ಹಾರಿ ಅವರ ಸ್ಕೂಲಿನ ಗೌರಮ್ಮ ಮಿಸ್ಸಿನ ಸೆರಗಿನ ಹಾಗೆ ಪಟಪಟ ಎಂದಿತು, ಕೆಂಚ ಅಡುಗೆ ಮಾಡುವವರ ಮೇಲೆ ಬಿದ್ದು ಬೈಸಿಕೊಂಡ. ಚೆನ್ನಾಗಿ ಬರೆಯುತ್ತಿದ್ದೆ. ನನಗೂ ನಗು ಬರುತ್ತಿತ್ತು.

ಅವರು ಕಡೆಯದಾಗಿ ಹೋಗಿದ್ದು ಫೆಬ್ರವರಿ ಒಂಬತ್ತನೇ ತಾರೀಖು. ಅವತ್ತು ನೀನು ಬರೆದಿದ್ದು, ಕೆಂಚ ಬಿಸಿಲಿಗೆ ಮೈ ಒಣಗಿಸಿಕೊಳ್ಳುತ್ತಿದ್ದಾನೆ, ದೊಡ್ಡ ಬಿಳಿ ಹಕ್ಕಿ ಒಂದು ಬಂದು ಅವನನ್ನು ನೋಡಿಕೊಂಡು ಹೋಯಿತು ಎಂದು. ಅಂಗಿಗೆ ಬಿಸಿಲು ಕಾಣಿಸಿದ್ದು ಅವರಿಗೆ ಸಮಾಧಾನ. ಬಸ್ಸಿನಲ್ಲಿ ಬೆರಳು ಮಡಿಸಿದರು. "ಮಾರ್ಚಿ, ಏಪ್ರಿಲ್, ಮೇ. ಬಂದೇಬುಟ್ಟ ಕಣೆ." ಮಾರನೇ ದಿನ ಮಂಗಳವಾರ ಊಟ ಮಾಡಿ, ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದರು. ಮೂರು ಗಂಟೆಗೆ ಕಾಫಿ ತಂದು ಕರೆದೆ. ಇನ್ನೊಂದು ಸಲ ಕರೆದೆ. ಕಾಫಿಯನ್ನು ಪಕ್ಕಕ್ಕಿಟ್ಟು ಟವೆಲು ತೆಗೆದೆ. ಅಷ್ಟೆ. ಶಿವರಾತ್ರಿಗೆ ಐದು ದಿನ ಇತ್ತು. ಆ ಲೋಟವನ್ನು ಯಾರೋ ತೊಳೆದಿಟ್ಟರು, ಯಾರೆಂದು ಗೊತ್ತಿಲ್ಲ. ಕೆಂಚ ಹೋಗಿ ಆಗಲೇ ಹತ್ತೊಂಬತ್ತು ದಿನವಾಗಿತ್ತು. ನಿಮ್ಮ ತಾತ ಕಡೆಯದಾಗಿ ಕೇಳಿಕೊಂಡು ಹೋಗಿದ್ದು ನೀನು ಕಟ್ಟಿದ ಕತೆ. ಬೈಯಲು ಬರೆಯುತ್ತಿಲ್ಲ. ಆಗಿದ್ದು ಆಗಿದ್ದ ಹಾಗೆ ಬರೆಯುತ್ತಿದ್ದೇನೆ.

ಬಸವೇಶ ಟ್ರಂಕು ತೆಗೆದ. ಪಂಚೆ ಸಿಕ್ಕಿತು. ಅಂಗಿ ಬಿಡಿಸಿದವನು ಎಲ್ಲರ ಎದುರೂ ಕೇಳಿದ. "ಇದೇನವ್ವಾ, ಮೊಣಕೈ ಅರ್ದೋಗದೆ? ಅಪ್ಪ ಇಟ್ಟಿದ್ದು ಇದಾ?" ನನ್ನನ್ನು ಬಿಟ್ಟರೆ ಗೊತ್ತಿದ್ದವರು ಅವರೊಬ್ಬರೇ, ಅವರು ವಿಭೂತಿ ಬಳಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಅಯ್ಯನವರು ಹರಿದದ್ದು ಬೇಡ ಎಂದರು. ಯಾರೋ ಬೈಕಿನಲ್ಲಿ ನಂಜನಗೂಡಿಗೆ ಹೋಗಿ ರೆಡಿಮೇಡ್ ಬಿಳಿ ಅಂಗಿ ತಂದರು. ಮಿಲ್ಲಿನ ಬಟ್ಟೆ. ಜೀವಮಾನದಲ್ಲಿ ಒಂದು ಸಲವೂ ಮಿಲ್ಲಿನ ಬಟ್ಟೆ ಮೈಗೆ ಹಾಕದವರು. ಕಾಲರಿನೊಳಗಿನ ರಟ್ಟು, ಗುಂಡುಪಿನ್ನು ನಾನೇ ತೆಗೆದೆ. ನಾಲ್ಕು ಪಿನ್ನು ಇದ್ದವು. ಹೊಲದಲ್ಲಿ ಬೇವಿನಮರದ ಪಕ್ಕ ಮಣ್ಣು ಮಾಡಿದರು. ನಮ್ಮ ಮನೆಯಲ್ಲಿ ಹೋದವರ ಬಟ್ಟೆ ಇಟ್ಟುಕೊಳ್ಳುವುದಿಲ್ಲ, ಹನ್ನೊಂದನೇ ದಿನ ಗಣಾರಾಧನೆ ಮುಗಿಸಿ ಎಲ್ಲವನ್ನೂ ಗಂಟು ಕಟ್ಟಿ ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟರು. ಹೊಳೆಗೆ ಬಟ್ಟೆ ಹಾಕಬಾರದು ಎಂದು ಬೋರ್ಡು ಹಾಕಿದ್ದಾರೆ, ಬೋರ್ಡಿನ ಪಕ್ಕದಲ್ಲೇ ನಿಂತು ಬಿಟ್ಟರು. ಮೊಣಕೈ ಹರಿದಿದ್ದೂ ಅದರಲ್ಲೇ ಹೋಯಿತು. ನಾನು ತಡೆಯಲಿಲ್ಲ. ಏಕೆಂದರೆ ನನ್ನ ಲೆಕ್ಕ ಬೇರೆ ಇತ್ತು. ಮೇ ತಿಂಗಳಲ್ಲಿ ಕೆಂಚ ಬರುತ್ತಾನೆ, ಬಂದ ದಿನ ಮಕ್ಕಳಿಗೆ ತೋರಿಸಿ, ಅವರನ್ನು ಕೇಳಿ ತೆಗೆದುಕೊಂಡು, ಬಿಚ್ಚದೆ ಹಾಗೇ ಬೇವಿನಮರದ ಹತ್ತಿರ ಮಣ್ಣಿಗಿಡುತ್ತೇನೆ ಎಂದು. ಅಂಗಿ ಅವರಿಗೆ ಸೇರುತ್ತದೆ, ನನ್ನದು ಮುಗಿಯುತ್ತದೆ. ನಾಲ್ಕು ದಿನ ಹಾಗೆಂದುಕೊಂಡಿದ್ದೆ. ಐದನೇ ದಿನಕ್ಕೆ ನಿಮ್ಮಮ್ಮ ನಿನ್ನ ಹದಿನಾರು ಸಾಲು ತಂದಳು.

ಕಟ್ಟಲು ಎಂದೇ ಅವನ ಕೊರಳಿಗೆ ಹಗ್ಗ ಹಾಕಿ ಕೊಟ್ಟಿದ್ದೆ. ನಿಮ್ಮ ತಾತ ನೇಕಾರರ ಗಂಟು ಹಾಕುವುದನ್ನು ನಿನಗೆ ಮೂರು ಸಲ ತೋರಿಸಿದ್ದರು. ಫೋಟೋ ಚೆನ್ನಾಗಿ ಬರಲಿ ಎಂದು ಬಿಚ್ಚಿದೆ, ಅಷ್ಟರಲ್ಲಿ ಅಲೆ ಬಂತು ಎಂದು ಬರೆದಿದ್ದೀಯ. ಸರಿ. ನಾನು ಕತ್ತಲಲ್ಲಿ ಕತ್ತರಿ ಹಾಕಿದೆ, ನೀನು ಬೆಳಕಲ್ಲಿ ಗಂಟು ಬಿಚ್ಚಿದೆ.

ನೀನು ಹೇಳಿದ್ದನ್ನು ಮಾಡಲಿಲ್ಲ ಎಂದುಕೊಳ್ಳಬೇಡ. ಮಾಡಲು ಕೂತೆ. ಕೇಂದ್ರದಿಂದ ಕಂದು ಖಾದಿ ತಂದೆ, ಈಗ ಕಣ್ಣು ಕಾಣುತ್ತದೆ, ಎರಡೇ ದಿನದಲ್ಲಿ ಕರು ಎದ್ದು ನಿಂತಿತು. ನಾಲ್ಕು ಕಾಲೂ ಸಮ, ಎರಡು ಕಿವಿಯೂ ಸಮ. ಒಂದು ಕಿವಿಯನ್ನು ಬಿಚ್ಚಿ ಸಣ್ಣದು ಮಾಡಿದೆ. ಗೆರೆ ಮಾತ್ರ ಬರಲಿಲ್ಲ. ಸೂಜಿಯಲ್ಲಿ ಒಂದು ಎಳೆ ಕಿತ್ತರೆ ಗೆರೆಯಾಗುತ್ತದೆ, ನನಗೆ ಗೊತ್ತು. ಸೂಜಿ ಹಿಡಿದುಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂತೆ. ಆ ತಪ್ಪು ಅವರದು. ಅವರು ಲಾಳಿ ಎಸೆಯುವಾಗ ಯಾರೋ ಮಾತಾಡಿಸಿರಬೇಕು, ನಾನೇ ಇರಬೇಕು, ಒಂದು ಹೊಕ್ಕು ತಪ್ಪಿತು. ಅದನ್ನು ನಾನು ಬೇಕೆಂದು ಮಾಡಲು ಕೈ ಏಳಲಿಲ್ಲ. ಆ ಕರುವನ್ನು ಬಸವೇಶನ ಸಣ್ಣ ಮಗುವಿಗೆ ಕೊಟ್ಟೆ. ಅದು ಅದರ ಕಿವಿ ಚೀಪುತ್ತದೆ.

ಮೊನ್ನೆ ಸೋಮವಾರ ಒಬ್ಬಳೇ ಸ್ಕೂಲಿಗೆ ಹೋದೆ. ಮಕ್ಕಳು ತಾತನ ಬಗ್ಗೆ ಕೇಳುತ್ತಿವೆ, ಒಂದು ಸಲ ಬಂದು ಹೋಗಿ ಅಜ್ಜಿ ಎಂದು ನಯನ ಫೋನು ಮಾಡಿದ್ದಳು. ನಾನು ಸ್ಟೂಲಿನ ಮೇಲೆ ಕೂರಲು ಹೋದರೆ ಮಕ್ಕಳು ಕೈ ಹಿಡಿದು ಅವರ ಕುರ್ಚಿಯ ಮೇಲೆ ಕೂರಿಸಿದವು. ಹಾಜರಿ ಆಯಿತು. "ಸಮುದ್ರದಲ್ಲವ್ನೆ ಮಿಸ್!" ನಯನ ನಿನ್ನ ಸುದ್ದಿ ಓದಿದಳು. ಕೆಂಚ ನಾಲ್ಕು ತಿಮಿಂಗಿಲ ನೋಡಿದನಂತೆ, ಒಂದು ಅವನ ಕಡೆ ನೀರು ಚಿಮ್ಮಿಸಿತಂತೆ. ಮಕ್ಕಳು ಚಪ್ಪಾಳೆ ತಟ್ಟಿದವು. ನಾನು ಹೇಳಬೇಕು ಎಂದು ಹೋದವಳಲ್ಲ. ಬಾಯಿಂದ ಬಿತ್ತು. ಅದು ಸುಳ್ಳು, ಕೆಂಚ ನೀರಿಗೆ ಬಿದ್ದು ಒಂದು ತಿಂಗಳ ಮೇಲಾಯಿತು, ಪಲ್ಲವಿ ನಿಮಗೆ ಹೇಳಲಾರದೆ ಕತೆ ಕಟ್ಟುತ್ತಿದ್ದಾಳೆ ಎಂದೆ. ಎದ್ದು ನಿಂತು ಹೇಳಿದೆ. ನಯನಳ ಮುಖ ಬಿಳುಪಾಯಿತು, ಪಾಪ, ಅವಳಿಗೂ ಗೊತ್ತಿರಲಿಲ್ಲ.

ಆಮೇಲೆ ನಂಜೇಶ ಎಂಬ ಹುಡುಗ, ಮುಂದಿನ ಹಲ್ಲು ಇಲ್ಲದವನು, ಕೇಳಿದ. "ಕಟ್ಟಾಕಿರ್ನಿಲ್ವ ಅಜ್ಜಿ?" ಕಟ್ಟಿತ್ತು, ಬಿಚ್ಚಿದಳು ಎಂದೆ. "ಅಂಗಾದ್ರೆ ತಿಮಿಂಗ್ಲ ನೋಡ್ದವ್ನ್ಯಾರು?" ಇಬ್ಬರು ಮೂವರು ನಕ್ಕರು. ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ಅಳಲು ಶುರು ಮಾಡಿದರು. ಸಿಂಧು ಅಂತ ಒಂದು ಹುಡುಗಿ ಇದ್ದಾಳೆ, ಪಿನ್ನು ಚುಚ್ಚುವ ಕೆಲಸ ಅವಳದು. ಅವಳು ಅಳಲಿಲ್ಲ. ಎದ್ದು ಭೂಪಟದ ಹತ್ತಿರ ಹೋಗಿ ನಿಂತು ಕೇಳಿದಳು, ಎಲ್ಲಿ ಬಿದ್ದ ಎಂದು. ನೀರಿಗೆ ಬಿದ್ದ ಎಂದೆ. "ನೀರ್‌ನಲ್ಲಿ ಎಲ್ಲಿ ಅಜ್ಜಿ? ಎರಡ್ ನಂಬ್ರ ಇರ್ತದಲ್ಲ. ಉದ್ದಕ್ ಒಂದು, ಅಡ್ಡಕ್ ಒಂದು. ಅವೆರಡೂ ಸೇರೋ ಕಡೆ ಅವ್ನಿರ್ತಾನೆ." ನನಗೆ ಹೇಳಿಕೊಡುವಂತೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದಳು. ಇಷ್ಟು ತಿಂಗಳು ಆ ಅಂಕಿಗಳನ್ನು ಕೇಳುತ್ತಿದ್ದರೂ ನನಗೆ ಅರ್ಥವಾಗಿರಲಿಲ್ಲ. ಅವತ್ತು ಆಯಿತು. ಹಾಸು, ಹೊಕ್ಕು. ಉದ್ದದ ಎಳೆಯೂ ಅಡ್ಡದ ಎಳೆಯೂ ಕೂಡುವ ಕಡೆ ಒಂದು ಜಾಗ. ಎಷ್ಟು ದೊಡ್ಡ ಬಟ್ಟೆಯಾದರೂ ಆ ಜಾಗ ಒಂದೇ.

ಅಂಕಿ ನನಗೆ ಗೊತ್ತಿಲ್ಲ, ಪಲ್ಲವಿಯನ್ನು ಕೇಳಿ ಹೇಳುತ್ತೇನೆ ಎಂದೆ. ನಯನ ಹಾಜರಿ ಪುಸ್ತಕ ತೆಗೆದು ಇಪ್ಪತ್ತೆಂಟನೇ ಹೆಸರು ಹೊಡೆದುಹಾಕಲೇ ಎಂದು ಮಕ್ಕಳನ್ನೇ ಕೇಳಿದಳು. ಒಳ್ಳೆಯ ಹುಡುಗಿ, ಕೇಳದೆ ಮಾಡಲಿಲ್ಲ. ನಂಜೇಶ ಹೇಳಿದ, "ಯಾಕ್ ಮಿಸ್? ಸಮುದ್ರದಲ್ಲೇ ಅವ್ನಲ್ಲ." ಎಲ್ಲರೂ ಹೌದು ಹೌದು ಎಂದರು. ಹೆಸರು ಇದೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಹೊಳೆ ನೋಡಿದೆ. ನಂಜನಗೂಡಿನಲ್ಲಿ ಬಿಟ್ಟ ಗಂಟು ಇದೇ ದಾರಿಯಲ್ಲಿ, ಸ್ಕೂಲಿನ ಮುಂದೆಯೇ ಹೋಗಿರಬೇಕು. ನೀನು ನಾಲ್ಕು ವರ್ಷದವಳಿದ್ದಾಗ ಇಲ್ಲೇ ಸಂಗಮದಲ್ಲಿ ತಾತನ ಜೊತೆ ಹರಿಗೋಲು ಹತ್ತಿ, ಇಳಿಯುವುದಿಲ್ಲ ಎಂದು ಅಂಬಿಗನ ಕಾಲು ಹಿಡಿದುಕೊಂಡಿದ್ದೆ. ಕಡೆಗೆ ನಿನಗೋಸ್ಕರ ಇನ್ನೊಂದು ಸುತ್ತು ಹಾಕಿಸಿದರು. ಅದು ನೆನಪಾಯಿತು. ಬಸ್ಸು ಬಂತು, ಹತ್ತಿದೆ. ಟಿಕೆಟ್ಟಿನ ಮಾತಾಡುವವರು ಪಕ್ಕದಲ್ಲಿ ಇರಲಿಲ್ಲ.

ಈಗ ನೀನು ಮಾಡಬೇಕಾದ್ದು. ಮೂವತ್ತನೇ ತಾರೀಖು ವಿಡಿಯೋದಲ್ಲಿ ಬಾ, ತಪ್ಪಿಸಿಕೊಳ್ಳಬೇಡ. ದೋಣಿ ಕೆಟ್ಟಿತು, ನೆಟ್‌ವರ್ಕ್ ಸಿಗಲಿಲ್ಲ ಎನ್ನಬೇಡ. ನಿಮ್ಮ ಕೆಂಚನನ್ನು ನಾನೇ ಬೀಳಿಸಿದೆ ಎಂದು ನಿನ್ನ ಬಾಯಿಂದ ಹೇಳು. ಅವು ಬೈಯುವುದಿಲ್ಲ. ಬೈದರೂ ಐದನೇ ಕ್ಲಾಸಿನ ಮಕ್ಕಳು ಎಷ್ಟು ಬೈದಾವು? ಪಾರ್ಸೆಲಿನಲ್ಲಿ ಇಪ್ಪತ್ತೇಳು ಕಾಗದ ಇವೆ, ಅವತ್ತೇ ಮಕ್ಕಳು ನಿನಗೆ ಬರೆದದ್ದು. ನಾನು ಓದಿಲ್ಲ. ನಂಜೇಶನದು ಮಾತ್ರ ಅವನೇ ಓದಿ ಹೇಳಿದ, ಇನ್ನು ಮೇಲೆ ನಿಜವಾದ ತಿಮಿಂಗಿಲ ಬಂದರೆ ಮಾತ್ರ ಬರೆಯಬೇಕಂತೆ. ಕಾಗದಗಳ ಜೊತೆ ಒಂದು ಹಗ್ಗ ಇದೆ. ನೂಲು ಹೊಸೆದು ನಾನೇ ಮಾಡಿದ್ದು, ಎಂಟು ಎಳೆ. ಏನನ್ನಾದರೂ ಕಟ್ಟಿಕೊ. ಮೊದಲು ನಿನ್ನನ್ನು ಕಟ್ಟಿಕೊ.

ಬೇವಿನಮರದ ಹತ್ತಿರ ಕಲ್ಲು ನಿಲ್ಲಿಸಬೇಕೆಂದು ಬಸವೇಶ ಓಡಾಡುತ್ತಿದ್ದಾನೆ. ಕಲ್ಲು ಕೆತ್ತುವ ಗೋವಿಂದಯ್ಯ ಬಂದು ಎಷ್ಟು ಸಾಲು ಎಂದು ಕೇಳಿದ. ಹೆಸರೊಂದು, ಹುಟ್ಟಿದ್ದೊಂದು, ಹೋದದ್ದೊಂದು, ಕೆಳಗೆ ನಾಲ್ಕನೇ ಸಾಲಿಗೆ ಜಾಗ ಬಿಡು ಎಂದೆ. ಅದೇನವ್ವಾ ನಾಲ್ಕನೇದು ಎಂದು ಬಸವೇಶ ಕೇಳಿದ. ಇರಲಿ ಬಿಡೋ ಎಂದೆ.

ನಿಮ್ಮ ದೋಣಿಯ ಆ ಐದು ಹೆಣ್ಣುಮಕ್ಕಳನ್ನೂ ಕೇಳಿದೆ ಎಂದು ಹೇಳು. ಗಾಳಿ ನಿಮ್ಮ ಬೆನ್ನಿಗಿರಲಿ, ಹೊಟ್ಟೆಗೆ ಬಿಸಿಯಾಗಿ ಬೀಳಲಿ, ನಂಜುಂಡ ನಿಮ್ಮ ತಲೆ ಕಾಯಲಿ. ಎಣ್ಣೆ ಮರೆಯಬೇಡ.

ಇಂತಿ ನಿನ್ನ ಅಜ್ಜಿ,
ಮಂಗಳಮ್ಮ (ರುಜು)

ಮರೆತಿದ್ದು: ಕೊರಿಯರ್ ಅಂಗಡಿ ಮುಚ್ಚುತ್ತದೆ ಎಂದು ಬಸವೇಶ ಬೈಕು ಸ್ಟಾರ್ಟು ಮಾಡಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕೆಂಚ ಬಿದ್ದ ಜಾಗದ ಎರಡು ಅಂಕಿ ನಿಮ್ಮ ದೋಣಿಯ ಪುಸ್ತಕದಲ್ಲಿ ಬರೆದಿರುತ್ತದೆ ಎಂದು ನಯನ ಹೇಳಿದಳು. ಮಕ್ಕಳಿಗೆ ಒಂದು ಸಲ ಬರೆ. ನನಗೆ ಇನ್ನೊಂದು ಸಲ, ಬೇರೆ ಕಾಗದದಲ್ಲಿ, ನಿನ್ನ ಕೈಯಲ್ಲೇ ದಪ್ಪಗೆ ಬರೆದು ಫೋಟೋ ತೆಗೆದು ಕಳಿಸು. ಫೋನಿನಲ್ಲಿ ಹೇಳಬೇಡ, ಬಸವೇಶ ತಪ್ಪು ಬರೆದುಕೊಳ್ಳುತ್ತಾನೆ. ನಾಲ್ಕನೇ ಸಾಲು ಅದೇ. ಕಲ್ಲಿನಲ್ಲಿ ಆಮೇಲೆ ತಿದ್ದಲು ಆಗುವುದಿಲ್ಲ, ಸರಿಯಾಗಿ ನೋಡಿ ಬರೆ. ಗೋವಿಂದಯ್ಯ ಏಪ್ರಿಲ್ ಆರಕ್ಕೆ ಉಳಿ ತೆಗೆದುಕೊಂಡು ಬರುತ್ತಾನೆ. ಐದನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.